ಎಂಜಿನ್ನಿನೊಳಗೆ ಅಕ್ಷತೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನನ್ನ ಉಗುರಿನ ಸಂದಿಯ ಕಪ್ಪು ಯಾವ ಸೋಪಿಗೂ ಹೋಗುವುದಿಲ್ಲ. ಹೋಗಲಿ ಎಂಬ ಆಸೆಯೂ ನನಗಿಲ್ಲ. ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟವಳು ನಾನು. ಪೆಟ್ರೋಲ್ ಎಂಜಿನ್ನಿನ ಚಿತ್ರವನ್ನು ಕಣ್ಣುಮುಚ್ಚಿಕೊಂಡು ಬೋರ್ಡಿನ ಮೇಲೆ ಬರೆಯುತ್ತಿದ್ದೆ, ಆದರೆ ನಿಜವಾದ ಎಂಜಿನ್ನೊಂದನ್ನು ಬೆರಳಿನಿಂದಲೂ ಮುಟ್ಟಿರಲಿಲ್ಲ. ಒಲೆ ಹಚ್ಚದೆ ಅಡುಗೆ ಪಾಠ ಮಾಡಿದ ಹಾಗೆ. ಆ ನಾಚಿಕೆಗೇ ಇರಬೇಕು, ನಿವೃತ್ತಿಯಾದ ಮೇಲೆ ಓಡದ ಹಳೆಯ ಕೆಂಪು ಸ್ಪೋರ್ಟ್ಸ್ ಕಾರೊಂದನ್ನು ಎಳೆಸಿಕೊಂಡು ಬಂದು ಒಂಟಿಕೊಪ್ಪಲಿನ ನಮ್ಮ ಮನೆಯ ಶೆಡ್ಡಿನಲ್ಲಿ ನಿಲ್ಲಿಸಿದೆ.

ಬೀದಿ ಸುಮ್ಮನಿರುತ್ತದೆಯೇ? "ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತೇನ್ರೀ ಮೇಡಂ? ಸಹಸ್ರನಾಮದ ಕ್ಲಾಸಿಗೆ ಬನ್ನಿ" ಎಂದರು ಪಕ್ಕದ ಮನೆಯವರು. ಅರವತ್ತೊಂದರಲ್ಲಿ ಗಂಡಸರು ಚುನಾವಣೆಗೆ ನಿಲ್ಲಬಹುದು, ನಾನು ಕಾರಿನ ಕೆಳಗೆ ಮಲಗಬಾರದು! ಇದು ಯಾವ ಶಾಸ್ತ್ರ?

ನಮ್ಮ ಯಜಮಾನರು ಸೇತುವೆ ಕಟ್ಟಿಸಿದ ಎಂಜಿನಿಯರು. ಮನೆಯ ನಲ್ಲಿ ಸೋರಿದರೆ ಮಾತ್ರ ಪ್ಲಂಬರಿಗೆ ಫೋನು ಮಾಡುತ್ತಾರೆ. ಅವರೊಂದು ಗಡುವು ಕೊಟ್ಟರು: "ಆಯುಧಪೂಜೆಗೆ ಸ್ಟಾರ್ಟ್ ಆಗದಿದ್ರೆ, ದಸರಾ ಮುಗಿದ ಮಾರನೇ ದಿನ ಗುಜರಿಯವನು ಬರ್ತಾನೆ." ನಾನು ಜಂಬದಲ್ಲಿ "ಆಗಲಿ" ಅಂದುಬಿಟ್ಟೆ. ನನ್ನ ಬಾಯೇ ನನಗೆ ಶತ್ರು.

ಮೂರು ತಿಂಗಳು ಕಷ್ಟಪಟ್ಟೆ. ಎಂಜಿನ್ನಿನ ಮುಚ್ಚಳ ಬಿಚ್ಚಿದೆ, ಅದರಡಿ ಸಂದು ಮುಚ್ಚುವ ಸುಟ್ಟ ಗ್ಯಾಸ್ಕೆಟ್ ಹಾಳೆ ಕಿತ್ತೆ, ವಾಲ್ವುಗಳನ್ನು ಉಜ್ಜಿ ಉಜ್ಜಿ ಬೆಳ್ಳಿ ಪಾತ್ರೆಯಂತೆ ಮಾಡಿದೆ. ಆಯುಧಪೂಜೆಯ ಬೆಳಿಗ್ಗೆ ಉಳಿದದ್ದು ಮುಚ್ಚಳ ಕೂರಿಸಿ ಬಿಗಿಯುವ ಕೆಲಸವೊಂದೇ. ಎಂಜಿನ್ನನ್ನು ತೆರೆದಂತೆಯೇ ಬಿಟ್ಟು ಸ್ನಾನಕ್ಕೆ ಹೋದೆ.

ಅವತ್ತು ನಮ್ಮೂರಲ್ಲಿ ಕೆಲಸ ಮಾಡುವ ವಸ್ತುವಿಗೆಲ್ಲ ಕುಂಕುಮ. ಕುಕ್ಕರಿಗೂ ಉಂಟು, ಕಂಪ್ಯೂಟರಿಗೂ ಉಂಟು. ಹಬ್ಬಕ್ಕೆಂದು ಊರಿನ ಆ ತುದಿಯ ವಿದ್ಯಾರಣ್ಯಪುರದಿಂದ ಬಂದಿದ್ದ ನನ್ನ ನಾದಿನಿ ನಾಗರತ್ನ ಭಕ್ತಿಯಲ್ಲಿ ಒಂದು ಕೈ ಹೆಚ್ಚೇ. ನಾನು ತಲೆ ಒರೆಸಿಕೊಂಡು ಬರುವಷ್ಟರಲ್ಲಿ ಅವಳು ನನ್ನ ಸ್ಪ್ಯಾನರುಗಳಿಗೆಲ್ಲ ಸೇವಂತಿಗೆ ಮುಡಿಸಿ, ಎಂಜಿನ್ನಿಗೂ ಅಕ್ಷತೆ ಹಾಕಿ ಕೈಮುಗಿದು ನಿಂತಿದ್ದಳು.

"ನಾಲ್ಕು ತೂತು ಬಾಯಿ ಬಿಟ್ಕೊಂಡಿದ್ವು ಅತ್ತಿಗೆ, ಬರಿಬಾಯಲ್ಲಿ ಬಿಡೋದು ಹೆಂಗೆ ಅಂತ ಒಂದೊಂದಕ್ಕೂ ಒಂದೊಂದು ಹಿಡಿ ಹಾಕ್ಬುಟ್ಟೆ."

ಬಗ್ಗಿ ನೋಡಿದೆ. ಪಿಸ್ಟನ್ ಓಡಾಡುವ ದೊಡ್ಡ ತೂತುಗಳದ್ದು ಒರೆಸಿದರೆ ಹೋದೀತು. ಪಕ್ಕದಲ್ಲಿ ನೀರು, ಆಯಿಲ್ಲು ಹರಿಯುವ ಸಣ್ಣ ದಾರಿಗಳಿಗೂ ತುಪ್ಪ ಬೆರೆತ ಅಕ್ಕಿ ಇಳಿದಿತ್ತು. ಇಕ್ಕುಳಕ್ಕೆ ಕೈ ಹಾಕಿದೆ. "ಅಯ್ಯಯ್ಯೋ, ಪೂಜೆಗಿಟ್ಟದ್ದನ್ನ ನಾಳೆವರೆಗೂ ಮುಟ್ಟೋ ಹಾಗಿಲ್ಲ!" ಎಂದಳು.

"ಚಾಮುಂಡಿ ಹಿಂಗೇ ಒಂದು ದಿನ ಆಯುಧ ಕೆಳಗಿಟ್ಟಿದ್ರೆ ಮಹಿಷಾಸುರ ಇವತ್ತಿಗೂ ನಮ್ಮನ್ನ ಆಳ್ತಿದ್ದ ಕಣೇ. ಟಾರ್ಚ್ ಹಿಡಿ!" ಎಂದೆ.

ಹಿಡಿದಳು, ಪಾಪ. ಒಂದೊಂದೇ ಕಾಳು ಹೆಕ್ಕುತ್ತ ಹೆಕ್ಕುತ್ತ ಸಂಜೆಯಾಯಿತು. ನಾನು ಹೆಕ್ಕುವಾಗ ಅವಳು ಮೆಲ್ಲಗೆ ದೇವಿಯ ಅಷ್ಟೋತ್ತರ ಹೇಳುತ್ತಿದ್ದಳು, ಪ್ರಾಯಶ್ಚಿತ್ತಕ್ಕೆ. ಕೊನೆಗೂ ಮುಚ್ಚಳ ಕೂರಿಸಿ ಕೀ ತಿರುಗಿಸಿದೆ. ಗೊರ್ ಗೊರ್ ಎಂದು ಒಮ್ಮೆ ಕೆಮ್ಮಿ ಸುಮ್ಮನಾಯಿತು. ವಿಜಯದಶಮಿಯಂದು ಊರೆಲ್ಲ ಆನೆ ನೋಡಲು ಹೋದಾಗಲೂ ನಾವಿಬ್ಬರೂ ಕೀ ತಿರುಗಿಸುತ್ತಲೇ ಇದ್ದೆವು. ಆ ದಿನ ಕೆಮ್ಮೂ ಇಲ್ಲ. ನನಗೆ ಅಳು ಬಂತು, ಮುಚ್ಚಿಡುವುದೇಕೆ?

ಮಾರನೇ ದಿನ ಗುಜರಿಯವನು ಹಗ್ಗ ಹಿಡಿದು ಬಂದೇ ಬಂದ. ನಾನು ಕಾರೊಳಗೆ ಕೂತು ಬಾಗಿಲೆಳೆದುಕೊಂಡೆ. "ತೂಕಕ್ಕೆ ತಾನೇ ಒಯ್ಯೋದು? ನನ್ನನ್ನೂ ಸೇರಿಸಿ ತೂಗಪ್ಪ."

"ಬೀದಿಯೆಲ್ಲ ನೋಡ್ತಿದೆ, ಇಳಿಯೇ" ಎಂದರು ಯಜಮಾನರು.

"ನೋಡ್ಲಿ. ಮೂವತ್ತೆಂಟು ವರ್ಷದಿಂದ ನಿಮ್ಮನ್ನ ರಿಪೇರಿ ಮಾಡ್ತಿದೀನಿ. ಒಂದು ದಿನವಾದ್ರೂ ಗುಜರಿಯವನನ್ನ ಕರೆಸಿದೀನಾ?"

ಅಷ್ಟರಲ್ಲಿ ನಾಗರತ್ನ ಸೆರಗು ಸಿಕ್ಕಿಸಿಕೊಂಡು, ಆ ಕಡೆಯ ಬಾಗಿಲು ತೆಗೆದು ನನ್ನ ಪಕ್ಕ ಕೂತಳು. ಜೀವಮಾನದಲ್ಲಿ ಅಣ್ಣನಿಗೆ ಎದುರಾಡದವಳು! "ನಾನೂ ಇಳಿಯಲ್ಲ ಅಣ್ಣ" ಎಂದಳು.

ಗುಜರಿಯವನು ಹಗ್ಗ ಸುತ್ತಿಕೊಂಡ. "ಬರೀ ಕಬ್ಣ ಆಗಿದ್ರೆ ಎತ್ಬೋದಿತ್ತು ಸಾರ್. ಇದು ನಮ್ ಕೈಲಾಗಲ್ಲ."

ಕಾರು ಇನ್ನೂ ಸ್ಟಾರ್ಟ್ ಆಗಿಲ್ಲ, ಎಂಜಿನ್ನಿನ ಮುಚ್ಚಳ ಮತ್ತೆ ಬಿಚ್ಚಿದ್ದೇನೆ. ಪ್ರತಿ ಶನಿವಾರ ನಾಗರತ್ನ ಸಿಟಿ ಬಸ್ಸಿನಲ್ಲಿ ಬರುತ್ತಾಳೆ, ಅವಳ ಉಗುರೂ ಕಪ್ಪಾಗಿದೆ. "ಯಾವಾಗ ಓಡುತ್ತೆ?" ಎಂದು ಬೀದಿಯವರು ಕೇಳುತ್ತಾರೆ. ಓಡದಿದ್ದರೆ ಸೋತ ಹಾಗೆ ಎಂದು ಮೊದಲು ನಾನೂ ನಂಬಿದ್ದೆ. ಈಗ ಇಲ್ಲ. ನಾನು ಬಿಚ್ಚಿದ್ದನ್ನು ಇನ್ನೊಬ್ಬರು ಬಂದು ಮುಚ್ಚಿಸಿದರೆ ಅದು ಸೋಲು ಕಣ್ರೀ. ನಾನೇ ಬಿಚ್ಚಿದ್ದೇನೆ, ನಾನೇ ಮುಚ್ಚುತ್ತೇನೆ. ಆಮೇಲೂ ಸ್ಟಾರ್ಟ್ ಆಗದಿದ್ದರೆ, ಮತ್ತೆ ಬಿಚ್ಚುತ್ತೇನೆ.