ಬ್ಯಾಕ್ಟೀರಿಯಾ ಚಾರ್ಟಿನ ಮೇಲೊಂದು ಬಿಳಿ ಚೀಟಿ

ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ. ಅದಕ್ಕೆ ‘ಪಾಠ ಪರಿಶೀಲನೆ’ ಎಂದು ಹೆಸರಿಟ್ಟುಕೊಂಡು ಕಳೆದ ಸೋಮವಾರ ನಾನು ನಸೀಮಾಳ ಕ್ಲಾಸಿಗೆ ನುಗ್ಗಿದೆ.

ನಸೀಮಾ ನಮ್ಮ ಕಾಲೇಜಿನ ಅತಿಥಿ ಉಪನ್ಯಾಸಕಿ. ಮೂರು ವರ್ಷದಿಂದ ಕಮಲಾಪುರದಿಂದ ಕಲಬುರಗಿಗೆ ದಿನಾ ಬಸ್ಸಿನಲ್ಲಿ ಬರುತ್ತಾಳೆ. ಮುಂದಿನ ವರ್ಷಕ್ಕೆ ಅವಳು ಬೇಕೋ ಬೇಡವೋ ಎಂದು ಬರೆದುಕೊಡಬೇಕಾದವನು ಜೀವಶಾಸ್ತ್ರ ವಿಭಾಗದ ಮುಖ್ಯಸ್ಥನಾದ ನಾನು. (ಇಂಥ ಪೆನ್ನು ಕೈಗೆ ಬಂದರೆ ಮನುಷ್ಯ ಎಷ್ಟು ಸಣ್ಣವನಾಗುತ್ತಾನೆ ನೋಡಿ.)

ಅವತ್ತಿನ ಪಾಠ ಬ್ಯಾಕ್ಟೀರಿಯಾ ಕೋಶ. ಇಪ್ಪತ್ತು ವರ್ಷ ಅದನ್ನೇ ಹೇಳಿ ನಾನು ಹುಡುಗರನ್ನು ಮಲಗಿಸಿದ್ದೇನೆ. ಅವಳೇನು ಮಾಡಿದಳು? ತಮ್ಮೂರಿನ ಕೆಂಪು ಬಾಳೆಹಣ್ಣು ತಂದಳು. ಸಿಪ್ಪೆ ಕೋಶಭಿತ್ತಿ, ಅದರೊಳಗಿನ ತೆಳು ಪದರ ಪೊರೆ, ತಿರುಳು ಸೈಟೊಪ್ಲಾಸಂ. ಎರಡೂ ತುದಿ ಸೇರಿಸಿ ಗಂಟು ಹಾಕಿದ ದಾರವನ್ನು ಮುದ್ದೆ ಮಾಡಿ ಒಳಗೆ ತುರುಕಿ, ಇದು ಡಿಎನ್‌ಎ, ಇದಕ್ಕೆ ನ್ಯೂಕ್ಲಿಯಸ್ ಎಂಬ ಕೋಣೆಯಿಲ್ಲ, ಹೀಗೇ ಬಯಲಲ್ಲಿ ಬಿದ್ದಿರುತ್ತದೆ ಎಂದಳು. ಗಸಗಸೆ ಉದುರಿಸಿದಳು, ರೈಬೋಸೋಮ್ ಆಯಿತು. ಹಿಂದೆ ಒಂದು ಬಾಲ ಸಿಕ್ಕಿಸಿದಳು, ಈಜಲು ಫ್ಲಾಜೆಲ್ಲಮ್.

ಕೊನೆಯ ಬೆಂಚು ಎದ್ದು ನಿಂತು ನೋಡುತ್ತಿತ್ತು. ನನಗೆ ಮೈಯೆಲ್ಲ ಉರಿ.

ತಪ್ಪು ಹುಡುಕುತ್ತ ಗೋಡೆ ನೋಡಿದೆ. ಅಲ್ಲಿತ್ತು ನನ್ನ ಚಾರ್ಟು. ಸೂಪರ್ ಮಾರ್ಕೆಟ್ ಬೀದಿಯ ಬೋರ್ಡ್ ಪೇಂಟರ್ ಕೈಲಿ ಬರೆಸಿ, ಕೆಳಗೆ ದಪ್ಪ ಅಕ್ಷರದಲ್ಲಿ ನನ್ನ ಹೆಸರು ಹಾಕಿಸಿದ್ದು. ಅದರ ಮೇಲೆ ಯಾರೋ ಬಿಳಿ ಚೀಟಿ ಅಂಟಿಸಿದ್ದರು. ಸಿಕ್ಕಿಬಿದ್ದಳು ಅಂದುಕೊಂಡೆ. ಯಾರ ಕೆಲಸ ಇದು ಎಂದು ಗುಡುಗಿ, ಎಲ್ಲರೆದುರೇ ಪರ್‍ರನೆ ಕಿತ್ತೆ.

ಚೀಟಿಯಡಿ ಇದ್ದದ್ದು ಮೈಟೊಕಾಂಡ್ರಿಯಾ. ಬ್ಯಾಕ್ಟೀರಿಯಾದಲ್ಲಿ ಅದು ಇರುವುದೇ ಇಲ್ಲ. ನನ್ನ ಪ್ರಾಣಿಕೋಶದ ಚಾರ್ಟನ್ನೂ ಬರೆದವನು ಅದೇ ಪೇಂಟರ್. ಇಲ್ಲಿ ಜಾಗ ಖಾಲಿ ಕಂಡು, ಅಲ್ಲಿಯದೊಂದನ್ನು ತಂದು ಕೂರಿಸಿಬಿಟ್ಟಿದ್ದಾನೆ. ನಾನು ಇಷ್ಟು ವರ್ಷ ನೋಡಿದ್ದು ನನ್ನ ಹೆಸರನ್ನು ಮಾತ್ರ.

ಕ್ಲಾಸು ಕಿಸಕ್ಕೆಂದಿತು. ನಸೀಮಾ ತಲೆ ತಗ್ಗಿಸಿದಳು.

“ನಾನೇ ಹಚ್ಚೀನ್ರಿ ಸರ್, ಬಂದ ವರ್ಷನೇ. ಹುಡುಗ್ರು ನಿಮಗ ನಗಬಾರ್ದಂತ.”

ಮೂರು ವರ್ಷ, ಸ್ಟಾಫ್ ರೂಮಿನಲ್ಲಿ ಒಬ್ಬರ ಕಿವಿಗೂ ಹಾಕಿಲ್ಲ. ಅವಳ ಜಾಗದಲ್ಲಿ ನಾನಿದ್ದರೆ? ಮಧ್ಯಾಹ್ನದ ಚಹಾ ಹೊತ್ತಿಗೆ ಕಾಲೇಜಿನ ಮುಂದಿನ ಇಡೀ ಸೇಡಂ ರಸ್ತೆಗೆ ಸುದ್ದಿ ಮುಟ್ಟುತ್ತಿತ್ತು.

ಅವಳನ್ನೇ ಮುಂದುವರಿಸಬೇಕು ಎಂದು ಅಂದೇ ಬರೆದುಕೊಟ್ಟೆ. ಉರಿ ಆರಿತೇ? ಎಲ್ಲಿಯ ಮಾತು. ಇಷ್ಟು ದಿನ ಅವಳ ಪಾಠ ಕಂಡು ಹೊಟ್ಟೆ ಉರಿಯುತ್ತಿತ್ತು, ಈಗ ಅವಳ ಮನಸ್ಸು ಕಂಡು ಉರಿಯುತ್ತಿದೆ. ಪಾಠವನ್ನಾದರೂ ಕದ್ದು ಕಲಿಯಬಹುದು, ಇದನ್ನು ಎಲ್ಲಿಂದ ತರಲಿ?