ತಿರುಗಿಸಿ ಪೋಣಿಸಿದ ಚೆಂಡುಹೂ

ನಮ್ಮ ಪಕ್ಕದ ಮನೆಯ ಕಾಜಲಳಿಗೆ ತನ್ನ ಕೆಲಸದ ಮೇಲಿರುವ ಧೈರ್ಯದಲ್ಲಿ ಕಾಲುಭಾಗ ನನಗಿದ್ದಿದ್ದರೆ ನಾನೂ ಏನಾದರೂ ಆಗುತ್ತಿದ್ದೆ. ಇಚಲಕರಂಜಿ ಪಕ್ಕದ ಕಬನೂರಿನಲ್ಲಿ, ಮಗ್ಗದ ಸದ್ದಿಗೆ ಗೋಡೆ ನಡುಗುವ ಓಣಿಯಲ್ಲಿ ಕುಳಿತು ಆಕೆ ಕಂಪ್ಯೂಟರಿನಲ್ಲಿ ಮದುವೆ ಮಂಟಪ ಕಟ್ಟುತ್ತಾಳೆ. ಮಂಟಪದ ಗೂಟ ನೆಟ್ಟಿರುವುದಿಲ್ಲ, ಬೀಗರು ಆಗಲೇ ಅವಳ ಚಿತ್ರ ನೋಡಿ ಹೂವಿನ ಬಣ್ಣಕ್ಕೆ ಜಗಳ ತೆಗೆದಿರುತ್ತಾರೆ.

ಕೊಲ್ಲಾಪುರದ ನೌಕರಿ ಬಿಟ್ಟು ಸ್ವಂತ ಕೆಲಸ ಶುರುಮಾಡಿದಾಗ ಬಂದ ಮೊದಲ ಗಿರಾಕಿ ಗಡಹಿಂಗ್ಲಜದ ಜಿನದತ್ತ. ಅವರದು ಹೊಸ ಮಂಗಲ ಕಾರ್ಯಾಲಯ, ಅಂದರೆ ಮದುವೆ ಛತ್ರ. ಚಿತ್ರ ಒಪ್ಪಿಗೆಯಾದರೆ ಅಲ್ಲಿನ ವರ್ಷದ ಮಂಟಪಗಳೆಲ್ಲ ಕಾಜಲಳವೇ. ಇಲ್ಲದಿದ್ದರೆ ಬಿಟ್ಟುಬಂದ ಕುರ್ಚಿಗೇ ವಾಪಸ್.

"ಚಂದ ಐತಿ ಬಿಡವಾ," ಎಂದರು ಜಿನದತ್ತ, ಮಂಟಪದ ಚಿತ್ರ ನೋಡಿ. "ಆದ್ರ ಹೂವಿನ ಮಾಲಿ ಅನಸವಲ್ದು. ಸೀರಿ ಅಂಚ ನೋಡಿದಂಗ ಆಗತೈತಿ. ಸೋಮವಾರತನಕಾ ಸರಿ ಮಾಡು, ಇಲ್ಲಂದ್ರ ಪುಣೆದವರಿಗೆ ಹೇಳತೀನಿ."

ಕಾಜಲಳಿಗೆ ಸಿಟ್ಟು ನೆತ್ತಿಗೇರಿತು. ಎಸಳೆಸಳಿಗೂ ನೆರಳು ಕೊಟ್ಟು ಮಾಡಿದ ಹೂ ಅದು! ಮನೆಗೆ ಬಂದು ಅವ್ವ ಮುದಕವ್ವನಿಗೆ ತೋರಿಸಿದಳು. ಆಕೆ ಮೂವತ್ತು ವರ್ಷದಿಂದ ಕಾರ್ಖಾನೆಯಲ್ಲಿ ಬಟ್ಟೆ ತಪಾಸಣೆ ಮಾಡುವವಳು. ತಪ್ಪು ಕಂಡಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆಯುವುದೇ ಕೆಲಸ. ಪರದೆಯ ಮೇಲೆ ಬೆರಳಿಟ್ಟಳು.

"ಈ ಹೂವಿನ ಎಸಳ ಹರದೈತಿ. ಇಲ್ಲಿ ನೋಡು, ಮತ್ತ ಅದ ಹೂವ. ಗೇಣ ಬಿಟ್ಟು ಮತ್ತ ಅದ. ಒಂದ ಹೂವ ಎಷ್ಟ ಸಲ ಹಚ್ಚಿದಿ?"

"ಸಾವಿರ ಸಲ," ಎಂದಳು ಕಾಜಲ, ದನಿ ಇಳಿಸಿ.

ಮಗ್ಗದ ಮನೆಯ ಮಗಳಲ್ಲವೇ? ಒಂದು ಹೂ ಬಿದ್ದ ಮೇಲೆ ಅಳತೆಗೆ ಸರಿಯಾಗಿ ಅದೇ ಹೂ ಬೀಳಬೇಕೆಂಬುದು ಅವಳ ರಕ್ತದಲ್ಲೇ ಇದೆ. ಮಾಲೆಯನ್ನೂ ನೇಯ್ದುಬಿಟ್ಟಿದ್ದಳು.

ಮರುದಿನ ಇಚಲಕರಂಜಿ ಪೇಟೆಯಿಂದ ಎರಡು ಕಿಲೋ ಚೆಂಡುಹೂ ಬಂತು. ಕಾಜಲ ಅದರಲ್ಲಿ ಹನ್ನೆರಡನ್ನು ಆರಿಸಿ, ಒಂದೊಂದನ್ನೂ ಸುತ್ತಲಿಂದ ಫೋಟೊ ತೆಗೆದು ಕಂಪ್ಯೂಟರಿನಲ್ಲಿ ಬೇರೆ ಬೇರೆ ಹೂ ಮಾಡಿದಳು. ಒಂದು ಅರ್ಧ ಅರಳಿದ್ದು, ಒಂದು ಬಾಡಿದ್ದು, ಒಂದಕ್ಕೆ ಹುಳ ಹತ್ತಿದ್ದು. ಉಳಿದ ಹೂವನ್ನು ಅವ್ವ ಪೋಣಿಸಿದಳು. ಆ ಮಾಲೆಯನ್ನೇ ಎದುರಿಗಿಟ್ಟುಕೊಂಡು ಕಾಜಲ ತನ್ನ ಮಾಲೆ ಜೋಡಿಸಿದಳು. ಅವ್ವನದರಲ್ಲಿ ಒಂದು ಹೂ ತಿರುಗುಮುರುಗಾಗಿತ್ತು. ಚಿತ್ರದಲ್ಲೂ ಹಾಗೆಯೇ ಬಂತು.

"ಅಯ್ಯ, ಅದನ್ನ ತಗೀ! ಮಂದಿ ನಗತಾರ," ಎಂದಳು ಮುದಕವ್ವ, ನಾಚಿಕೊಂಡು.

ಕಾಜಲ ತೆಗೆಯಲಿಲ್ಲ. ಅವಳ ಹಟ ಓಣಿಗೇ ಗೊತ್ತು.

ಸೋಮವಾರ ಜಿನದತ್ತ ಕನ್ನಡಕ ಹಾಕಿಕೊಂಡು ಮಾಲೆಯ ಒಂದೊಂದು ಹೂವನ್ನೂ ನೋಡಿದರು. ಅವರ ಹೆಂಡತಿ ಮಾಣಿಕಬಾಯಿ ಹಿಂದಿನಿಂದ ಬಗ್ಗಿದರು.

"ಅಗಬಾಯಿ! ಈ ಮಾಲಿ ಕಟ್ಟಿದಾಕಿ ಯಾರವಾ? ಒಂದ ಹೂವ ತಿರುವಿ ಹಾಕ್ಯಾಳಲ್ಲ!"

"ನಮ್ಮವ್ವ ರೀ," ಎಂದಳು ಕಾಜಲ.

ಜಿನದತ್ತ ನಕ್ಕುಬಿಟ್ಟರು. "ಇರಲಿ, ಇದನ್ನ ತಗೀಬ್ಯಾಡ. ವರ್ಷದ ಕೆಲಸ ನಿಂದ."

ಸಂಜೆ ಈ ಸುದ್ದಿ ಕೇಳಿದ ಮುದಕವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಂದು, ಪರದೆಯ ಮೇಲಿನ ಆ ತಿರುಗಿದ ಹೂವನ್ನು ಮತ್ತೊಮ್ಮೆ ನೋಡಿದಳು.

"ಮೂವತ್ತ ವರ್ಷ ಮಂದಿ ಬಟ್ಟ್ಯಾಗ ತಪ್ಪ ಹಿಡದೇನಿ," ಎಂದಳು. "ನಂದ ತಪ್ಪ ಪಾಸ್ ಆತೇನ?"