ರಕ್ತಕ್ಕೆ ಏಕಾದಶಿ ಇಲ್ಲ

ಸಕ್ಕರೆ ಕಾಯಿಲೆಯ ಪರೀಕ್ಷೆಗೆ ರಕ್ತ ಕೊಡುವುದನ್ನು ನಾನು ಬಹುಕಾಲ ವ್ರತವೆಂದೇ ಆಚರಿಸುತ್ತಿದ್ದೆ. ‘ಬೆಳಿಗ್ಗೆ ಖಾಲಿ ಹೊಟ್ಟೇಲಿ ಬನ್ನಿ’ ಎಂದು ಲ್ಯಾಬಿನವರು ಹೇಳಿದರೆ ಸಾಕು, ಹಿಂದಿನ ಮಧ್ಯಾಹ್ನದಿಂದಲೇ ನನಗೆ ಏಕಾದಶಿ. ಸಂಜೆಗೆ ಒಂದು ಲೋಟ ಮಜ್ಜಿಗೆ, ರಾತ್ರಿಗೆ ಅದೂ ಇಲ್ಲ. ಬೆಳಿಗ್ಗೆ ಮಿಂದು, ಹಣೆಗಿಟ್ಟು, ದೊಡ್ಡಬಳ್ಳಾಪುರದ ಬಸ್‌ ಸ್ಟ್ಯಾಂಡ್ ಹತ್ತಿರದ ಲ್ಯಾಬಿನಲ್ಲಿ ಭಕ್ತಿಯಿಂದ ತೋಳು ಚಾಚುತ್ತಿದ್ದೆ. ಏಕಾದಶಿ ಎಂದಮೇಲೆ ದ್ವಾದಶಿಯ ಪಾರಣೆ ಬಿಡಲಾದೀತೆ? ಮನೆಗೆ ಬಂದವನೇ ತೆಂಗಿನಕಾಯಿ ಗಾತ್ರದ ಎರಡು ರಾಗಿಮುದ್ದೆ, ಅವರೆಕಾಳಿನ ಸಾರು. ಸಕ್ಕರೆ ಕಾಯಿಲೆಗೆ ಮುದ್ದೆಯೇ ಮದ್ದು ಎಂದು ಡಾಕ್ಟರಿಗೇ ಪಾಠ ಹೇಳುವ ಜನ ನಾವು. ರಿಪೋರ್ಟೂ ಪಾಪ, ಪ್ರತಿಸಲ ನನ್ನ ಪರವಾಗಿಯೇ ಬರುತ್ತಿತ್ತು.

ಕಣ್ಣು ಮಾತ್ರ ಬೇರೆ ಕಥೆ ಹೇಳತೊಡಗಿತು. ನಾನು ಮಗ್ಗದವನು, ತುಂಡಾದ ರೇಷ್ಮೆ ಎಳೆ ಹುಡುಕಿ ಗಂಟು ಹಾಕುವುದೇ ನನ್ನ ಅನ್ನ. ಒಂದು ದಿನ ಎಳೆಯೇ ಕಾಣಲಿಲ್ಲ. ಹೆದರಿಬಿಟ್ಟೆ. ಕಣ್ಣಿನ ಡಾಕ್ಟರಮ್ಮ ಬೆಳಕು ಬಿಟ್ಟು ನೋಡಿ, ‘ಹಿಂದಿನ ಪರದೇಲಿ ಸಣ್ಣ ರಕ್ತನಾಳ ಸೋರ್ತಿದೆ. ಸಕ್ಕರೆ ಹಿಡಿತಕ್ಕೆ ಬರದಿದ್ರೆ ಕಣ್ಣು ಉಳ್ಸೋದು ಕಷ್ಟ’ ಎಂದರು.

‘ಇಲ್ಲಮ್ಮಾ, ನನ್ ಸಕ್ಕರೆ ಯಾವಾಗ್ಲೂ ಸರಿಯಾಗೇ ಐತೆ’ ಎಂದು ರಿಪೋರ್ಟು ಚಾಚಿದೆ. ಅವರು ನಕ್ಕು, ಮೂರು ತಿಂಗಳ ಸಕ್ಕರೆ ಪರೀಕ್ಷೆ ಬರೆದುಕೊಟ್ಟರು. ‘ಇದಕ್ಕೆ ಉಪವಾಸ ಬೇಡ. ಊಟ ಮಾಡ್ಕೊಂಡೇ ಹೋಗಿ.’

ಊಟ ಮಾಡಿಕೊಂಡು! ಎಲ್ಲಾದರೂ ಉಂಟೇ? ಹೋದೆ. ಉತ್ತರ ನೂರಕ್ಕೆ ಒಂಬತ್ತೂವರೆ ಎಂದು ಬಂತು. ಏಳರ ಆಸುಪಾಸು ಇರಬೇಕಿತ್ತಂತೆ.

ಆಮೇಲೆ ಡಾಕ್ಟರಮ್ಮ ವಿವರಿಸಿದ್ದನ್ನು ಕೇಳಿ ಬಾಯಿ ಬಿಟ್ಟುಕೊಂಡು ಕೂತೆ. ರಕ್ತದ ಕೆಂಪು ಕಣಕ್ಕೆ ಮೂರು ನಾಲ್ಕು ತಿಂಗಳ ಆಯುಸ್ಸು. ರಕ್ತದಲ್ಲಿ ಓಡಾಡುವ ಸಕ್ಕರೆ ಆ ಕೆಂಪಿಗೆ ಅಂಟಿತೆಂದರೆ ಕಣ ಸಾಯುವವರೆಗೂ ಬಿಡುವುದಿಲ್ಲ. ಆ ಅಂಟನ್ನು ಅಳೆದರೆ ಎರಡು ಮೂರು ತಿಂಗಳ ಸರಾಸರಿ ಸಿಗುತ್ತದೆ. ಖಾಲಿ ಹೊಟ್ಟೆಯ ಪರೀಕ್ಷೆ ಆ ಬೆಳಗಿನ ಮಾತು ಮಾತ್ರ. ಅಬ್ಬಬ್ಬಾ, ಮೈ ಜುಮ್ಮೆಂದಿತು! ಗಿರಾಕಿಗೆ ಸೀರೆಯ ಒಂದು ಗೇಣು ತೋರಿಸಿ ಒಪ್ಪಿಸಬಹುದು. ಇಡೀ ಸೀರೆ ಬಿಚ್ಚಿ ಹಾಸಿದರೆ ಒಂದು ತಪ್ಪೆಳೆಯನ್ನೂ ಮುಚ್ಚಿಡಲಾಗದು. ನಾನು ನಿದ್ದೆಯಲ್ಲಿದ್ದಾಗಲೂ, ಇನ್ನೊಂದು ಮುದ್ದೆ ಮುರಿದಾಗಲೂ, ಕಣ್ಣಿಗೆ ಕಾಣದ ಆ ಕಣಗಳು ಬೈಯದೆ, ಚಾಡಿ ಹೇಳದೆ, ಎಲ್ಲವನ್ನೂ ನೆನಪಿಟ್ಟುಕೊಂಡಿದ್ದವು. ದೇವರು ಒಳಗಿದ್ದಾನೆ ಎಂದು ಹಿರಿಯರು ಹೇಳಿದಾಗ ನಾನು ಇಷ್ಟು ನಂಬಿರಲಿಲ್ಲ.

ಹೆಂಡತಿ ಜಯಮ್ಮನಿಗೆ ಏನೂ ಅಚ್ಚರಿಯಾಗಲಿಲ್ಲ. ‘ಡಾಕ್ಟ್ರು ಮುದ್ದೆ ಬಿಡಿ ಅಂದಿಲ್ಲ ಕಣ್ರೀ, ಗುಂಡುಕಲ್ಲು ಬಿಡಿ ಅಂದಿರೋದು’ ಎಂದವಳು ಅಂದಿನಿಂದ ನಿಂಬೆಹಣ್ಣಿಗಿಂತ ತುಸು ದೊಡ್ಡ ಮುದ್ದೆ ಕಟ್ಟತೊಡಗಿದಳು. ಜತೆಗೆ ತಟ್ಟೆ ತುಂಬ ಸೊಪ್ಪು. ಮೊದಲ ದಿನ ನನಗೆ ಅಳುವೇ ಬಂತು. ಮಾತ್ರೆ ನುಂಗಿದೆ, ಕೆರೆ ಏರಿಯ ಮೇಲೆ ನಡೆದೆ, ಕಣ್ಣಿಗೆ ಚಿಕಿತ್ಸೆಯನ್ನೂ ಮಾಡಿಸಿಕೊಂಡೆ.

ಮೊನ್ನೆ ಮತ್ತೆ ಲ್ಯಾಬಿಗೆ ಹೋದೆ. ಸೂಜಿ ಹಿಡಿದ ಹುಡುಗಿ, ‘ಊಟ ಆಯ್ತಾ ತಾತ?’ ಎಂದಳು.

‘ಆಯ್ತು ಕಣವ್ವಾ. ಏನ್ ತಿಂದೆ ಅಂತ ನನ್ನ ಕೇಳ್ಬೇಡ, ಈ ರಕ್ತಾನೇ ಕೇಳು’ ಎಂದು ತೋಳು ಚಾಚಿದೆ.

ಉತ್ತರ ಏಳೂಕಾಲು. ಕಣ್ಣೊಳಗಿನ ರಕ್ತನಾಳ ಸೋರುವುದೂ ನಿಂತಿದೆ ಎಂದರು ಡಾಕ್ಟರಮ್ಮ. ಮಗ್ಗದಲ್ಲಿ ಎಳೆ ಮತ್ತೆ ಕಾಣುತ್ತಿದೆ. ಆ ಸಂತೋಷಕ್ಕೆ ಜಯಮ್ಮ ಸಂಜೆ ಮುದ್ದೆಯನ್ನು ಕೊಂಚ ದೊಡ್ಡದಾಗಿಯೇ ಕಟ್ಟಿದಳು. ನಾನು ಅರ್ಧ ಮುರಿದು ಅವಳ ತಟ್ಟೆಗಿಟ್ಟೆ.

‘ಯಾಕ್ರೀ, ಇವತ್ತೊಂದಿನ ತಿನ್ನಿ. ಯಾರು ನೋಡ್ತಾರೆ?’ ಎಂದಳು.

‘ನೋಡೋರು ಒಳಗವ್ರೆ ಕಣೇ’ ಎಂದೆ.